ಗೇಟಿನಿಂದ ಗೇಟಿಗೆ: ಬೆಂಗಳೂರಿನ ಬಡಾವಣೆಗಳಲ್ಲಿ ಕಾಲ್ನಡಿಗೆ

ಬೆಂಗಳೂರಿನಲ್ಲಿ ನಡೆದಾಡಬಹುದೇ ಎಂದು ಕೇಳಿದರೆ ಊರಿನಲ್ಲಿ ಎರಡು ಉತ್ತರ ಸಿಗುತ್ತವೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿದವರು, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳನ್ನು ನೋಡುತ್ತ ಹೊರಟವರು, ಇಂಥ ಹವೆಯಲ್ಲಿ ಇಂಥ ನೆರಳಿನಲ್ಲಿ ನಡೆಯುವ ಭಾಗ್ಯ ಬೇರೆ ಯಾವ ದೊಡ್ಡ ಊರಿಗಿದೆ ಎನ್ನುತ್ತಾರೆ. ಸೋಮವಾರ ಸಂಜೆ ಬಸ್ಸಿಳಿದು ಮನೆಗೆ ಹೋಗುವ ಹೆಂಗಸು, ಮೊಮ್ಮಗನನ್ನು ಶಾಲೆಯಿಂದ ಕರೆತರುವ ಅಜ್ಜಿ, ಇಲ್ಲಿ ಕಾಲೂರಲು ಜಾಗವೇ ಇಲ್ಲ ಎನ್ನುತ್ತಾರೆ. ಎರಡು ಮಾತೂ ನಿಜ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರು ಇದು. ಬೇಸಿಗೆಯ ಸಂಜೆಯೂ ಇಲ್ಲಿ ನಡೆಯಲು ಹಿತ. ನಡೆಯಲು ಬೇಕಾದದ್ದನ್ನೆಲ್ಲ ಪ್ರಕೃತಿ ಕೊಟ್ಟಿದೆ, ಹಿಂದಿನವರು ಮರಗಳನ್ನೂ ನೆಟ್ಟು ಹೋಗಿದ್ದಾರೆ. ಕಳೆದ ಐವತ್ತು ವರ್ಷಗಳಲ್ಲಿ ಬೆಂಗಳೂರು ತನ್ನ ಪಾರ್ಕುಗಳನ್ನು ಉಳಿಸಿಕೊಳ್ಳುವುದನ್ನು ಕಷ್ಟಪಟ್ಟು ಕಲಿತಿದೆ. ಪಾರ್ಕಿಗೆ ಹೋಗುವ ಬೀದಿಯನ್ನು ಉಳಿಸಿಕೊಳ್ಳುವುದನ್ನು ಇನ್ನೂ ಕಲಿತಿಲ್ಲ. ಈ ಊರಿನ ನಡಿಗೆಯ ಬಗ್ಗೆ ನನಗೆ ಹೇಳಬೇಕೆನಿಸುವುದೆಲ್ಲ ಈ ಒಂದು ಸಂಗತಿಗೇ ಬಂದು ಸೇರುತ್ತದೆ.

ನಮ್ಮ ಶಾಂತವಾದ ಬೀದಿಗಳು ಹುಟ್ಟಿದ್ದು ಒಂದು ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಗಾಳಿಬೆಳಕಿಲ್ಲದ ಮನೆಗಳು, ಇಲಿ, ತೆರೆದ ಮೋರಿ. ಜನ ಮನೆ ಬಿಟ್ಟು ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಆಗ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎಂಬ ಎರಡು ಹೊಸ ಬಡಾವಣೆಗಳ ನಕ್ಷೆ ಸಿದ್ಧವಾಯಿತು. ಅದಕ್ಕೂ ಮೊದಲು 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತ್ತು. ದಂಡಿನ ಕಡೆ ಫ್ರೇಜರ್ ಟೌನ್ 1910ರ ಹೊತ್ತಿಗೆ ಎದ್ದಿತು. ಇವೆಲ್ಲದರ ನಕ್ಷೆಯ ಒಳಗುಟ್ಟು ಒಂದೇ: ಗಾಳಿ ಆಡಬೇಕು. ಅದಕ್ಕಾಗಿ ನೇರ ಮುಖ್ಯರಸ್ತೆಗಳು, ಅವನ್ನು ಲಂಬವಾಗಿ ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ನಡುನಡುವೆ ಮೈದಾನ. ಇಂದು ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ನಿಂತವರಿಗೆ ಹದಿನೆಂಟನೆಯದು ಯಾವ ಕಡೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಗುರುತಿಲ್ಲದ ಊರಿನಲ್ಲಿ ಒಬ್ಬರೇ ಅಲೆಯಲು ಧೈರ್ಯ ಕೊಡುವ ಇಂಥ ಅಂಕಿಗಳ ಉಪಕಾರವನ್ನು ನಾವು ನೆನೆಯುವುದಿಲ್ಲ.

ಅದೇ ನಕ್ಷೆಯಲ್ಲಿ ಇನ್ನೊಂದು ದಾರಿಯೂ ಇದೆ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ಸೇರುವಲ್ಲಿ ಒಂದು ಕಿರಿದಾದ ಓಣಿ. ಹಳಬರು ಅದನ್ನು ಕನ್ಸರ್ವೆನ್ಸಿ ಲೇನ್ ಎಂದೋ ಬರೀ ಕನ್ಸರ್ವೆನ್ಸಿ ಎಂದೋ ಕರೆಯುತ್ತಾರೆ. ಒಳಚರಂಡಿ ಬರುವ ಮುಂಚೆ ಮನೆಮನೆಯ ಕಕ್ಕಸಿನ ಮಲವನ್ನು ಹಿಂಬಾಗಿಲಿನಿಂದ ಎತ್ತಿ ಒಯ್ಯಲು ಮಾಡಿದ ದಾರಿ ಅದು. ಮುಂದಿನ ರಸ್ತೆಯಲ್ಲಿ ಒಬ್ಬರು, ಹಿಂದಿನ ಓಣಿಯಲ್ಲಿ ಇನ್ನೊಬ್ಬರು ನಡೆಯಲಿ ಎಂದು ಊರೇ ಕೂತು ಎಳೆದ ಗೆರೆ. ಸೈಟುಗಳ ಹಂಚಿಕೆಯಲ್ಲೂ ಜಾತಿ ಸಮುದಾಯಗಳ ಲೆಕ್ಕಾಚಾರವಿತ್ತು. ಮಲ ಹೊರುವ ಪದ್ಧತಿಗೆ ರಾಜ್ಯದಲ್ಲಿ ತಡೆ ಬಂದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ. ಹಳೆಯ ಬಡಾವಣೆಗಳ ಸೊಬಗನ್ನು ಹಾಡುವ ಬರಹಗಳಲ್ಲಿ ಈ ಓಣಿಗಳ ಮಾತು ಬರುವುದು ಅಪರೂಪ. ಆ ಬೀದಿಗಳ ನೆಮ್ಮದಿ ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಅಲ್ಲಿ ನಡೆಯುವವರು ತಿಳಿದಿರಬೇಕು. ಇಂದು ಈ ಓಣಿಗಳಲ್ಲಿ ಬಹಳಷ್ಟು ಕಸ ಮತ್ತು ಕಟ್ಟಡದ ಅವಶೇಷ ತುಂಬಿ, ಕೆಲವನ್ನು ಅಕ್ಕಪಕ್ಕದವರು ಒತ್ತಿಕೊಂಡು, ಕೆಲವಕ್ಕೆ ಬೀಗ ಬಿದ್ದಿದೆ. ಮಲ್ಲೇಶ್ವರದಲ್ಲಿ ನಿವಾಸಿಗಳೂ ಕಲಾವಿದರೂ ಸೇರಿ ಕೆಲವನ್ನು ಚೊಕ್ಕಟ ಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡುವ ಹಾಗೆ ಮಾಡಿದ್ದಾರೆ. ವಾಹನದ ಕಾಟವಿಲ್ಲದ ಇಷ್ಟೊಂದು ದಾರಿ ಬಡಾವಣೆಯ ಉದ್ದಕ್ಕೂ ಇಟ್ಟುಕೊಂಡು ನಾವು ಬಳಸದೆ ಬಿಟ್ಟಿದ್ದೇವೆ.

ಬೀದಿಗೆ ನೆರಳು ಬಂದ ಕಥೆ ಬೇರೆ. ಹೈದರಾಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದ, ಟಿಪ್ಪು ದೂರದೇಶಗಳಿಂದ ಸಸಿ ತರಿಸಿದ. ಲಾಲ್‌ಬಾಗು ತನ್ನ ಕಾಂಪೌಂಡು ದಾಟಿ ಬೀದಿಬೀದಿಗೆ ಹರಿದದ್ದು ಮಾತ್ರ ಜಾನ್ ಕ್ಯಾಮರಾನ್ ಮತ್ತು ಅವರ ನಂತರ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಕಾಲದಲ್ಲಿ. 1908ರಲ್ಲಿ ಬೆಂಗಳೂರಿಗೆ ಬಂದ ಕ್ರುಂಬಿಗಲ್ 1956ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲೇ ಇದೆ. ವರ್ಷದ ಯಾವ ತಿಂಗಳಲ್ಲೂ ಊರಿನ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಬೇಕು, ಒಂದು ಜಾತಿಯ ಮರ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡಬೇಕು ಎಂಬುದು ಅವರ ಎಣಿಕೆ. ಇದು ಇಂದಿಗೂ ನಡೆಯುತ್ತಿದೆ. ಕಾರ್ತಿಕದ ಸುಮಾರಿಗೆ ಆಕಾಶಮಲ್ಲಿಗೆ ಉದುರುತ್ತದೆ, ಬೆಳಿಗ್ಗೆ ಬೇಗ ಹೊರಟವರಿಗೆ ಅದರ ಪರಿಮಳ ಹೂ ಕಾಣುವ ಮೊದಲೇ ಸಿಗುತ್ತದೆ. ನವೆಂಬರ್ ಡಿಸೆಂಬರಿನಲ್ಲಿ ತಿಳಿಗುಲಾಬಿ ಟಬೂಬಿಯಾ. ಶಿವರಾತ್ರಿಯ ಆಸುಪಾಸಿನಲ್ಲಿ ಹಳದಿಯದು, ಎಲೆಯೇ ಇಲ್ಲದ ಕೊಂಬೆಗಳ ತುಂಬ. ಅದರ ಹಿಂದೆಯೇ ನೀಲಿ ಜಕರಂದಾ. ಯುಗಾದಿಗೆ ಹೊಂಗೆಯ ಹೊಸ ಚಿಗುರು, ಆಮೇಲೆ ನೆಲದ ತುಂಬ ಅಕ್ಕಿಯ ಅರಳು ಚೆಲ್ಲಿದ ಹಾಗೆ ಅದರ ಹೂವು. ಏಪ್ರಿಲ್ ಕೊನೆಗೆ ಗುಲ್‌ಮೊಹರ್ ಕೆಂಪಾಗುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಹೊಳೆದಾಸವಾಳ.

ಈ ಮರಗಳಲ್ಲಿ ಬಹುಪಾಲು ಪರದೇಶದವು. ಟಬೂಬಿಯಾ, ಜಕರಂದಾ, ಮಳೆಮರ ಅಮೆರಿಕ ಖಂಡಗಳವು, ಗುಲ್‌ಮೊಹರ್ ಮಡಗಾಸ್ಕರಿನದು. ದೇಶೀ ಮರ ನೆಡಬೇಕೆಂಬ ಇಂದಿನ ವಾದದಲ್ಲಿ ಹುರುಳಿದೆ, ಹೊಂಗೆ, ಬೇವು, ಅತ್ತಿ, ನೇರಳೆಗಳಿಗೆ ಬರುವಷ್ಟು ಹಕ್ಕಿಪಕ್ಷಿ ಇವಕ್ಕೆ ಬರುವುದಿಲ್ಲ. ಆದರೆ ನೂರು ವರ್ಷ ಇಲ್ಲಿನ ಮಳೆಗೆ ನೆನೆದು ಇಲ್ಲಿನವರಿಗೆ ನೆರಳು ಕೊಟ್ಟ ಮರವನ್ನು ಹೊರಗಿನದು ಎಂದು ಹಗುರವಾಗಿ ಕಡಿಯುವುದನ್ನು ನಾನು ಒಪ್ಪಲಾರೆ. ನಮ್ಮ ಅಡುಗೆಮನೆಯ ಎಷ್ಟು ತರಕಾರಿ ಎಲ್ಲಿಂದ ಬಂದಿವೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಿದವರು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಓದಿದವರಿಗೆ ಈ ಸ್ವದೇಶಿ ವಿದೇಶಿ ಜಗಳ ಅಷ್ಟು ಸಲೀಸಲ್ಲ ಎಂಬುದು ಗೊತ್ತು. ಅವರ ‘ಹಸಿರು ಹೊನ್ನು’ ಹಿಡಿದು ಬೀದಿಯ ಮರ ಗುರುತಿಸಲು ಹೊರಟವರೂ ಇದ್ದಾರೆ. ಕಾಡಿನ ಪುಸ್ತಕ ಅದು, ಆದರೂ ಎಲೆ ನೋಡುವ ಕಣ್ಣನ್ನು ಅದು ಕೊಡುತ್ತದೆ.

ನೆರಳಿನ ಬೆಲೆಯನ್ನು ಅಳೆದವರೂ ಉಂಟು. ಬೆಂಗಳೂರಿನಲ್ಲಿ ಮರವಿರುವ ಮತ್ತು ಮರವಿಲ್ಲದ ರಸ್ತೆತುಂಡುಗಳನ್ನು ಹೋಲಿಸಿದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು, ಮಧ್ಯಾಹ್ನದ ಹೊತ್ತು ಮರದಡಿ ಗಾಳಿಯ ಬಿಸಿ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು, ಡಾಂಬರಿನ ಮೈಬಿಸಿ 27.5 ಡಿಗ್ರಿಯಷ್ಟು ಕಡಿಮೆ ಇರುವುದನ್ನು ಕಂಡರು. ಚಪ್ಪಲಿ ಸವೆದ ಕಾಲಿಗೆ ಈ ಎರಡನೆಯ ಅಂಕಿ ಹೆಚ್ಚು ಅರ್ಥವಾಗುತ್ತದೆ. ಅಗಲವಾದ ಹಳೆಯ ರಸ್ತೆಗಳಲ್ಲೇ ದೊಡ್ಡ ಮರಗಳಿವೆ, ಕಿರಿದಾದ ರಸ್ತೆಗಳಿಗೆ ಸಣ್ಣ ಜಾತಿಯವನ್ನು ನೆಡುತ್ತಾರೆ ಎಂಬುದನ್ನೂ ಬೀದಿಮರಗಳ ಸಮೀಕ್ಷೆಗಳು ತೋರಿಸಿವೆ. ರಸ್ತೆ ಅಗಲಿಸಲು ಕೊಡಲಿ ಬೀಳುವುದು ಮೊದಲು ಆ ದೊಡ್ಡ ಮರಗಳ ಮೇಲೆಯೇ. 2009ರಲ್ಲಿ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆ ಮತ್ತು ಲಕ್ಷ್ಮಣರಾವ್ ಪಾರ್ಕಿನಲ್ಲಿ ಮರ ಉರುಳಿದಾಗ ‘ಹಸಿರು ಉಸಿರು’ ಬಳಗದವರೂ ನಿವಾಸಿಗಳೂ ಬೀದಿಗಿಳಿದರು. ಮರ ಉಳಿಯಲಿಲ್ಲ. ಮೆಟ್ರೊ ಬೇಡವೆಂದು ನಾನು ಹೇಳುವುದಿಲ್ಲ, ಬಸ್ಸು ರೈಲುಗಳಿಲ್ಲದೆ ನಡಿಗೆಯೂ ಇಲ್ಲ. ಆದರೆ ಒಂದು ಉದ್ದನೆಯ ನಡುಪಾರ್ಕನ್ನು ಕಳೆದುಕೊಂಡ ಜಯನಗರಕ್ಕೆ ಅದರ ಬದಲಾಗಿ ನಡೆಯಲು ಏನು ಸಿಕ್ಕಿತು ಎಂದು ಕೇಳುವ ಹಕ್ಕು ಇದೆ. 2016ರಲ್ಲಿ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಮಾತು ಬಂದಾಗ ಜನ ಸಾಲಾಗಿ ಕೈಹಿಡಿದು ನಿಂತರು, ಮುಂದಿನ ವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಎರಡರ ನಡುವಿನ ಏಳು ವರ್ಷಗಳಲ್ಲಿ ಊರಿನ ದನಿ ಬಲಿತಿತ್ತು.

ಬಸವನಗುಡಿಯ ಬೀದಿಗಳು ಕನ್ನಡ ಸಾಹಿತ್ಯಕ್ಕೆ ಕೊಟ್ಟದ್ದು ಒಂದು ಪ್ರತ್ಯೇಕ ಲೇಖನದ ವಿಷಯ. ಗವಿಪುರದ ಮನೆಯಿಂದ ಕೋಟು ಕೊಡೆಗಳೊಂದಿಗೆ ಕ್ಲಬ್ಬಿಗೆ ನಡೆದುಹೋಗುತ್ತಿದ್ದ ಮಾಸ್ತಿಯವರನ್ನು ಕಂಡವರು ಇನ್ನೂ ಇದ್ದಾರೆ. ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನರಸಿಂಹರಾಜ ಕಾಲನಿಯಲ್ಲಿದೆ, ಅವರ ಪ್ರತಿಮೆ ಕಹಳೆ ಬಂಡೆಯ ಪಾರ್ಕಿನಲ್ಲಿದೆ. ನಿಸಾರ್ ಅಹಮದ್ ತಮ್ಮ ಮೊದಲ ಕವನ ಸಂಕಲನಕ್ಕೆ 1960ರಲ್ಲಿ ಇಟ್ಟ ಹೆಸರೇ ‘ಮನಸು ಗಾಂಧಿಬಜಾರು’. ಒಂದು ಬೀದಿಯ ಹೆಸರು ಕವಿಯ ಮನಸ್ಸಿನ ಹೆಸರಾಗಬೇಕಾದರೆ ಆ ಬೀದಿಯಲ್ಲಿ ಆತ ಸಾವಕಾಶವಾಗಿ ನಡೆದಿರಬೇಕು, ಎದುರಾದವರೊಡನೆ ನಿಂತು ಮಾತಾಡಿರಬೇಕು. ನಿಲ್ಲಲು ಜಾಗವಿದ್ದ ಬೀದಿ ಅದು. ಇತ್ತೀಚೆಗೆ ಗಾಂಧಿಬಜಾರಿನ ಮುಖ್ಯರಸ್ತೆಯನ್ನು ಪಾದಚಾರಿಗಳಿಗಾಗಿ ಹೊಸದಾಗಿ ವಿನ್ಯಾಸ ಮಾಡಿ ಪಾದಚಾರಿ ಮಾರ್ಗವನ್ನು ಅಗಲಿಸಿದ್ದಾರೆ. ಕೆಲಸ ಎಳೆದಾಡಿದ ದಿನಗಳಲ್ಲಿ ಅಂಗಡಿಯವರೂ ಹೂವಿನವರೂ ಪಟ್ಟ ಪಾಡು ದೊಡ್ಡದು, ವಾಹನ ನಿಲ್ಲಿಸಲು ಜಾಗವಿಲ್ಲವೆಂಬ ದೂರು ಇನ್ನೂ ನಿಂತಿಲ್ಲ. ಇಷ್ಟಾದರೂ ಮುಸ್ಸಂಜೆಯಲ್ಲಿ ಅಲ್ಲಿ ವಯಸ್ಸಾದವರು ಅಂಜದೆ ನಡೆಯುವುದನ್ನು ನೋಡಿದರೆ ಅದು ಸರಿಯಾದ ಹೆಜ್ಜೆ ಎಂದೇ ನನಗೆ ತೋರುತ್ತದೆ.

ಇನ್ನು ಪಾರ್ಕುಗಳು. ಊರಿಗೆ ಎರಡು ದೊಡ್ಡ ಉದ್ಯಾನಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಕಬ್ಬನ್ ಪಾರ್ಕು ಒಂದು, 240 ಎಕರೆಯ ಲಾಲ್‌ಬಾಗು ಇನ್ನೊಂದು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಕೆಂಪೇಗೌಡರ ಗೋಪುರ ನಿಂತಿರುವುದು ಅದರ ನೆತ್ತಿಯ ಮೇಲೆ. ಇವೆರಡನ್ನೂ ಕಾಯಲು 1975ರಲ್ಲೇ ಪ್ರತ್ಯೇಕ ಕಾಯಿದೆ ಬಂತು. ಆದರೆ ದಿನನಿತ್ಯದ ನಡಿಗೆಯನ್ನು ಹೊತ್ತಿರುವುದು ಇವಲ್ಲ, ಬಡಾವಣೆಯೊಳಗಿನ ಸಣ್ಣ ಪಾರ್ಕುಗಳು: ಕೃಷ್ಣರಾವ್ ಪಾರ್ಕು, ಮಾಧವನ್ ಪಾರ್ಕು, ರಿಚರ್ಡ್ಸ್ ಪಾರ್ಕು, ಮತ್ತು ಪಕ್ಕದ ಬೀದಿಯವರಿಗಷ್ಟೇ ಹೆಸರು ಗೊತ್ತಿರುವ ಎಷ್ಟೋ. ಅವು ಇಂದು ಉಳಿದಿರುವುದು ತಾನಾಗಿಯಲ್ಲ.

ಅದಕ್ಕೆ ಒಂದು ಮೊಕದ್ದಮೆಯ ಕಥೆ ಹೇಳಲೇಬೇಕು. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಒಂದು ಜಾಗವನ್ನು ಪಾರ್ಕಿಗೆಂದು ಗುರುತಿಸಿದ್ದರು. ಮುಖ್ಯಮಂತ್ರಿಯ ಮಟ್ಟದಲ್ಲಿ ತೀರ್ಮಾನವಾಗಿ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ 1991ರಲ್ಲಿ ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಅವರ ಪೀಠ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ನಕ್ಷೆಯಲ್ಲಿ ಪಾರ್ಕೆಂದು ಬರೆದದ್ದನ್ನು ಆಳುವವರು ಮನಬಂದಂತೆ ಅಳಿಸಲಾಗದು, ಆಸ್ಪತ್ರೆಯೂ ಒಳ್ಳೆಯ ಕೆಲಸವೇ ಎಂಬ ಕಾರಣಕ್ಕೆ ಪಾರ್ಕನ್ನು ಬಲಿಕೊಡಲಾಗದು, ಇದನ್ನು ಪ್ರಶ್ನಿಸುವ ಹಕ್ಕು ಆ ಬೀದಿಯಲ್ಲಿ ವಾಸಿಸುವವನಿಗೆ ಇದೆ ಎಂಬುದು ಅದರ ತಿರುಳು. ದೇಶದ ಯಾವ ಊರಿನಲ್ಲಿ ಪಾರ್ಕಿನ ಜಾಗಕ್ಕೆ ಕುತ್ತು ಬಂದರೂ ವಕೀಲರು ಇಂದಿಗೂ ಈ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಸಂಜೆ ವಾಕಿಂಗ್ ಹೋಗುವ ಬೆಂಗಳೂರಿಗರಿಗೆ ಇದು ತಮ್ಮೂರಿನ ಕೊಡುಗೆ ಎಂದು ಗೊತ್ತಿರಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಹೊಸ ಬಡಾವಣೆಯಲ್ಲಿ ನೂರಕ್ಕೆ 15 ಭಾಗಕ್ಕೆ ಕಡಿಮೆಯಿಲ್ಲದ ಜಾಗ ಪಾರ್ಕು ಮೈದಾನಗಳಿಗೆ ಎಂದು ಬಿಡಿಎ ಕಾಯಿದೆ ಹೇಳುತ್ತದೆ. ಪಾರ್ಕು, ಆಟದ ಮೈದಾನ, ಬಯಲುಜಾಗಗಳ ರಕ್ಷಣೆಗೆಂದೇ 1985ರ ರಾಜ್ಯ ಕಾಯಿದೆ ಇದೆ. ಕಾಯಿದೆ ಇದ್ದಲ್ಲಿ ಕೋರ್ಟಿಗೆ ಹೋಗಲು ಒಂದು ಹಿಡಿ ಸಿಗುತ್ತದೆ.

ಪಾರ್ಕುಗಳ ಒಳಗೆ ಈಗ ಬೇರೆ ತಕರಾರು. ಬಹಳ ವರ್ಷ ಅವು ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ಮಾತ್ರ ತೆರೆಯುತ್ತಿದ್ದವು. ಮಧ್ಯಾಹ್ನ ನೆರಳು ಬೇಕಾದವರಿಗೆ, ಊಟದ ಡಬ್ಬಿ ಬಿಚ್ಚಲು ಜಾಗ ಹುಡುಕುವ ಕೂಲಿಯವರಿಗೆ ಗೇಟಿಗೆ ಬೀಗ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಆದೇಶ ಹೊರಟಿತು. ಒಳ್ಳೆಯದಾಯಿತು, ಎಲ್ಲ ಕಡೆ ಪಾಲನೆಯಾಗಬೇಕು ಅಷ್ಟೆ. ಒಳಗೆ ಹೋದರೆ ಓಡಬಾರದು, ಹುಲ್ಲಿನ ಮೇಲೆ ಕೂರಬಾರದು, ಇಂಥ ದಿಕ್ಕಿನಲ್ಲೇ ಸುತ್ತಬೇಕು, ಮಕ್ಕಳು ಚೆಂಡಾಡಬಾರದು ಎಂಬ ಫಲಕಗಳು. ಪಾರ್ಕೆಂದರೆ ಸುತ್ತು ಹಾಕುವ ಟೈಲ್ಸ್ ದಾರಿ, ನಡುವೆ ಅಲಂಕಾರದ ಗಿಡ, ಮೂಲೆಯಲ್ಲಿ ಕಬ್ಬಿಣದ ವ್ಯಾಯಾಮದ ಯಂತ್ರ ಎಂಬ ಒಂದೇ ಅಚ್ಚು ಎಲ್ಲ ಕಡೆ ಬಿದ್ದಿದೆ. ಕಾಡಿನಂತೆ ಬಿಟ್ಟ ಒಂದು ಮೂಲೆ, ಎಲೆ ಕೊಳೆಯಲು ಬಿಟ್ಟ ಮಣ್ಣು, ಮರ ಹತ್ತಬಹುದಾದ ಒಂದು ಕೊಂಬೆ ಇಷ್ಟಾದರೂ ಮಕ್ಕಳಿಗಾಗಿ ಉಳಿಸಬೇಕಿತ್ತು. ಹಾಗೆ ಉಳಿದ ಜಾಗ ಬೇಕಾದವರು ತುರಹಳ್ಳಿ ಕಾಡಿನತ್ತ ಹೋಗುತ್ತಾರೆ. 2021ರಲ್ಲಿ ಅದನ್ನೂ ಕಲ್ಲುಹಾಸಿನ ಟ್ರೀ ಪಾರ್ಕ್ ಮಾಡಹೊರಟಾಗ ಸುತ್ತಲಿನ ಜನ ವಿರೋಧಿಸಿದ್ದು ಈ ಅಚ್ಚಿನ ಮೇಲಿನ ಬೇಸರದಿಂದಲೇ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಹೊರಟು, ಆರ್.ವಿ. ರಸ್ತೆ ದಾಟಿ, ಒಳರಸ್ತೆಗಳಲ್ಲಿ ಗಾಂಧಿಬಜಾರನ್ನು ಹಾಯ್ದು, ಕಹಳೆ ಬಂಡೆ ಮತ್ತು ದೊಡ್ಡ ಬಸವಣ್ಣನ ಗುಡಿಯವರೆಗೆ ಹೋಗಿ. ಹೆಚ್ಚು ದೂರವಲ್ಲ, ಎರಡು ಕಿಲೋಮೀಟರಿನ ಆಸುಪಾಸು. ಎರಡು ತುದಿಯಲ್ಲೂ ಹಸಿರು, ನಡುವೆ ಬೆಂಗಳೂರಿನ ಅತಿ ಚೆಲುವಾದ ಬೀದಿಗಳಲ್ಲಿ ಕೆಲವು. ಒಂದು ಊರು ತನ್ನ ಜನಕ್ಕೆ ಕೊಡಬಹುದಾದ ಅತ್ಯುತ್ತಮ ನಡಿಗೆಗಳಲ್ಲಿ ಇದೊಂದು. ಆದರೂ ಎಪ್ಪತ್ತು ದಾಟಿದವರನ್ನು ಒಬ್ಬರೇ ಹೋಗಿಬನ್ನಿ ಎಂದು ಕಳಿಸಲು ಎದೆ ಅಳುಕುತ್ತದೆ. ಮೆಟ್ರೊ ಕಂಬಗಳ ಕೆಳಗಿನ ರಸ್ತೆ ದಾಟುವುದೇ ಒಂದು ಸಾಹಸ. ಒಳರಸ್ತೆಗೆ ಬಂದ ಮೇಲೂ ಕಣ್ಣು ಮರದ ಮೇಲೆ ಇರುವ ಹಾಗಿಲ್ಲ, ನೆಲದ ಮೇಲೇ ಇರಬೇಕು.

ಯಾಕೆ ಹೀಗೆ ಎಂಬುದಕ್ಕೆ ಕಾರಣ ಕಲ್ಲಿನ ಕೆಳಗಿದೆ. ಹಳೆಯ ಬಡಾವಣೆಗಳಲ್ಲಿ ನಮ್ಮ ಫುಟ್‌ಪಾತು ಎಂದರೆ ಮಳೆನೀರಿನ ಮೋರಿಯ ಮೇಲೆ ಹಾಸಿದ ಚಪ್ಪಡಿ. ಹೂಳೆತ್ತಲು ಚಪ್ಪಡಿ ಎಬ್ಬಿಸುತ್ತಾರೆ, ಮತ್ತೆ ಕೂರಿಸುವಾಗ ಒಂದು ಓರೆಯಾಗುತ್ತದೆ, ಇನ್ನೊಂದು ಒಡೆಯುತ್ತದೆ, ಮೂರನೆಯದು ಕಾಣೆಯಾಗುತ್ತದೆ. ಅದೇ ಪಟ್ಟಿಯಲ್ಲಿ ಜಲಮಂಡಳಿಯ ಕೊಳವೆ, ಬೆಸ್ಕಾಂನ ಕೇಬಲ್ಲು ಮತ್ತು ಟ್ರಾನ್ಸ್‌ಫಾರ್ಮರು, ಇಂಟರ್‌ನೆಟ್ ಕಂಪನಿಗಳ ತಂತಿ. ಒಬ್ಬರು ಮುಚ್ಚಿದ ಮೇಲೆ ಇನ್ನೊಬ್ಬರು ಅಗೆಯುತ್ತಾರೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮಟ್ಟ ಏರುತ್ತದೆ, ಮನೆಯವರು ಕಾರು ಹತ್ತಿಸಲು ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಕಟ್ಟುತ್ತಾರೆ, ಪಕ್ಕದ ಮನೆಯವರು ಅದಕ್ಕಿಂತ ಎತ್ತರಕ್ಕೆ ಕಟ್ಟುತ್ತಾರೆ. ಹತ್ತು ಮನೆ ದಾಟುವಷ್ಟರಲ್ಲಿ ಹತ್ತು ಸಲ ಹತ್ತಿ ಇಳಿಯಬೇಕು. ಮಂಡಿನೋವಿನವರು ಎರಡನೆಯ ಮನೆಗೇ ರಸ್ತೆಗೆ ಇಳಿದುಬಿಡುತ್ತಾರೆ, ಇಳಿದವರ ಪಕ್ಕದಲ್ಲೇ ಬೈಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಲೇಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದಿತು. ಇಬ್ಬರು ಎದುರುಬದುರಾಗಿ ಬಂದರೆ ಭುಜ ತಾಗದೆ ಹೋಗುವಷ್ಟು ಅಗಲ, ಮುದುಕರು ಗೋಡೆ ಹಿಡಿಯದೆ ಹತ್ತುವಷ್ಟು ಎತ್ತರ, ಇಷ್ಟೇ ಅದರ ಅರ್ಥ.

ಆಗುವುದಿಲ್ಲವೆಂದಲ್ಲ. 2015ರ ಸುಮಾರಿಗೆ ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮುಂತಾದ ಕೆಲವನ್ನು ಮಾಡಿದಾಗ ಕೊಳವೆ ತಂತಿಗಳಿಗೆಲ್ಲ ಪಾದಚಾರಿ ಮಾರ್ಗದ ಕೆಳಗೆ ಗೊತ್ತಾದ ಜಾಗ ಮಾಡಿ, ಮೇಲೆ ಸಮತಟ್ಟಾಗಿ ಹಾಸಿದರು. ಖರ್ಚು ಹೆಚ್ಚಾಯಿತೆಂದು ಗದ್ದಲವಾಯಿತು. ಆದರೆ ಆ ರಸ್ತೆಗಳೆಲ್ಲ ಊರ ನಡುವಿನ ವ್ಯಾಪಾರದ ರಸ್ತೆಗಳು. ಜನ ಮನೆಯಿಂದ ಮೊದಲ ಹೆಜ್ಜೆ ಇಡುವ ವಸತಿ ಬೀದಿಗೆ ಆ ಯೋಗ ಬರಲಿಲ್ಲ. ಜಯನಗರದಲ್ಲಿ ಸೈಕಲ್ ಪಥ ಗುರುತಿಸಿದರು, ಅದರ ಮೇಲೆ ಕಾರುಗಳು ನಿಂತವು. ನಾಲ್ಕು ಮಹಡಿ ಎದ್ದ ಪ್ರತಿ ಸೈಟಿನ ಮುಂದೆ ಈಗ ಐದಾರು ವಾಹನ. ಮನೆಯೊಳಗೆ ಜಾಗವಿಲ್ಲದ ಕಾರನ್ನು ಬೀದಿಯಲ್ಲಿ ಬಿಟ್ಟಿ ನಿಲ್ಲಿಸುವುದು ಹಕ್ಕು ಎಂಬ ಭಾವನೆ ಬೇರೂರಿರುವಷ್ಟು ದಿನ ವಸತಿ ಬೀದಿಯಲ್ಲಿ ನಡಿಗೆಗೆ ಬಿಡುಗಡೆಯಿಲ್ಲ. ಇದನ್ನು ಹೇಳಲು ಯಾವ ಜನಪ್ರತಿನಿಧಿಯೂ ಮುಂದೆ ಬಂದಿಲ್ಲ, ನಿವಾಸಿ ಸಂಘಗಳು ಕೂಡ ಮೌನ, ಏಕೆಂದರೆ ಕಾರು ಸದಸ್ಯರದ್ದೇ. ಬದಲಾಗಿ ಅವು ತಳ್ಳುಗಾಡಿಯವರನ್ನೂ ಇಸ್ತ್ರಿಯವರನ್ನೂ ಎಬ್ಬಿಸಿ ಎಂದು ಅರ್ಜಿ ಬರೆಯುತ್ತವೆ. ಮೂಲೆಯಲ್ಲಿ ಇಸ್ತ್ರಿ ಗಾಡಿ ಇರುವ ಬೀದಿಯಲ್ಲಿ ಕತ್ತಲಾದ ಮೇಲೂ ಹುಡುಗಿಯೊಬ್ಬಳು ನಿರಾಳವಾಗಿ ನಡೆದು ಬರುತ್ತಾಳೆ. ಆ ಗಾಡಿ ಇಲ್ಲದ, ಎರಡೂ ಕಡೆ ಎತ್ತರದ ಕಾಂಪೌಂಡಿನ ಶ್ರೀಮಂತ ಬೀದಿಯಲ್ಲಿ ಅವಳು ಫೋನು ಕಿವಿಗಿಟ್ಟು ಬೇಗಬೇಗ ಹೆಜ್ಜೆ ಹಾಕುತ್ತಾಳೆ.

ಯಾರು ನಡೆಯುತ್ತಾರೆ ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಪೂರ್ತಿಯಾಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಬೀದಿ ಗುಡಿಸುವ ಪೌರಕಾರ್ಮಿಕರು, ಏಳಕ್ಕೆ ಮನೆಗೆಲಸಕ್ಕೆ ಬರುವವರು, ಹೂವು ಸೊಪ್ಪು ಮಾರುವವರು ಈ ಬೀದಿಗಳಲ್ಲಿ ವಾಕಿಂಗ್ ಮಾಡುವವರಿಗಿಂತ ಹೆಚ್ಚು ನಡೆಯುತ್ತಾರೆ. ಕಲ್ಲುಬೆಂಚು ಕಂಡರೂ ಕೂರಲು ಅವರು ಹಿಂಜರಿಯುವ ಬೀದಿಯನ್ನು ಶಾಂತವಾದ ಬೀದಿ ಎನ್ನಲು ನನಗೆ ಮನಸ್ಸು ಬಾರದು. ಹೆಂಗಸರ ಮಟ್ಟಿಗೆ, ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಬಳಗ ಒಂದು ಸರಳ ಕೆಲಸ ಮಾಡಿ ತೋರಿಸಿತು: ಹೆಂಗಸರು ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ನಿದ್ದೆ ಮಾಡುವುದು. ಗಂಡಸರು ಕಬ್ಬನ್ ಪಾರ್ಕಿನಲ್ಲಿ ದಿನವೂ ಮಾಡುವುದನ್ನು ಹೆಂಗಸರು ಮಾಡಿದಾಗ ಅದು ಸುದ್ದಿಯಾಯಿತು ಎಂಬುದರಲ್ಲೇ ಎಲ್ಲವೂ ಇದೆ. ಅದೇ ಕಬ್ಬನ್ ಪಾರ್ಕಿನಲ್ಲಿ ಈಚೆಗೆ ವಾರಾಂತ್ಯದಲ್ಲಿ ನೂರಾರು ಮಂದಿ ಮರದಡಿ ಚಾಪೆ ಹಾಸಿ ಮೌನವಾಗಿ ಪುಸ್ತಕ ಓದುತ್ತಾರೆ, ಅವರಲ್ಲಿ ಯುವತಿಯರು ಬಹಳ. ಗುಂಪಿನ ಆಸರೆಯಲ್ಲಿ ಸಿಕ್ಕ ಈ ನಿರ್ಭಯ ಒಂಟಿಯಾಗಿ ಬಂದಾಗಲೂ ಸಿಗಬೇಕು.

ನಡಿಗೆಯನ್ನೇ ಕಸುಬಾಗಿಯೋ ಸೇವೆಯಾಗಿಯೋ ಮಾಡಿಕೊಂಡವರ ಕೆಲಸವನ್ನು ನಾನು ಗೌರವದಿಂದ ನೋಡುತ್ತೇನೆ. ಇಂಟ್ಯಾಕ್ ಸಂಸ್ಥೆಯ ಪಾರಂಪರಿಕ ನಡಿಗೆಗಳು, ವಿಜಯ್ ತಿರುವಾಡಿಯವರ ಲಾಲ್‌ಬಾಗ್ ಮರಗಳ ನಡಿಗೆ, 2014ರಲ್ಲಿ ಶುರುವಾದ ‘ನೆರಳು’ ಎಂಬ ಮರಗಳ ಹಬ್ಬ, ಮೀರಾ ಅಯ್ಯರ್ ಅವರ ಬೆಂಗಳೂರು ಪುಸ್ತಕ, ಇವೆಲ್ಲ ಊರನ್ನು ಕಾಲಿನಿಂದ ತಿಳಿಯುವ ಒಂದು ಪೀಳಿಗೆಯನ್ನು ಕಟ್ಟಿವೆ. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ನಡೆಯುತ್ತವೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಿಂತು ಕನ್ನಡದಲ್ಲಿ ಮರದ ಹೆಸರು, ಮನೆಯ ಮಂಕಿ ಟಾಪ್ ಕಿಟಕಿ, ವಠಾರದ ಬದುಕು ಇವನ್ನು ಸರ್ಕಾರಿ ಶಾಲೆಯ ಮಕ್ಕಳಿಗೆ ಹೇಳುವ ನಡಿಗೆಗಳು ಇನ್ನೂ ಬಹಳ ಬರಬೇಕು.

ಹೊರವಲಯದ ಮಾತು ಬೇರೆಯೇ. ಹೊಲ ಕತ್ತರಿಸಿ ಸೈಟು ಮಾಡಿ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವೂ ಇಲ್ಲ, ಮರವೂ ಇಲ್ಲ. ಅದರ ಪಕ್ಕದಲ್ಲೇ ಗೇಟಿನೊಳಗಿನ ಅಪಾರ್ಟ್‌ಮೆಂಟು, ಒಳಗೆ ಒಳ್ಳೆಯ ನಡೆದಾರಿ, ಹೊರಗೆ ಕಾಲಿಟ್ಟರೆ ಕೆಸರು. ಕೆಲವು ಕಡೆ ಸಾರ್ವಜನಿಕ ರಸ್ತೆಗೇ ಗೇಟು ಬಿದ್ದಿದೆ. ಅಲ್ಲಿ ನಡಿಗೆಗೆ ಉಳಿದಿರುವುದು ಕೆರೆಗಳು. ಕೈಕೊಂಡ್ರಹಳ್ಳಿ ಕೆರೆ, ಜಕ್ಕೂರು ಕೆರೆಗಳ ಏರಿಯ ಮೇಲೆ ಬೆಳಿಗ್ಗೆ ನೋಡಿ, ಹಳ್ಳಿಯ ದನಗಾಹಿಯೂ ಐಟಿ ಹುಡುಗನೂ ಒಂದೇ ದಾರಿಯಲ್ಲಿ ಇರುತ್ತಾರೆ. ಇಂಥ ಬೆರಕೆ ಬೇರೆಡೆ ಕಾಣುವುದು ಅಪರೂಪ. ಅಲ್ಲಿಯೂ ಕಥೆ ಅದೇ: ಏರಿ ಚೆನ್ನಾಗಿದೆ, ಏರಿಗೆ ಹೋಗುವ ದಾರಿಯಲ್ಲಿ ಟ್ಯಾಂಕರು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಪಾರ್ಕಿಗೆ 1991ರಲ್ಲಿ ಸಿಕ್ಕ ಹಿಡಿ ಬೀದಿಗೆ ಈಗ ಸಿಕ್ಕಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾದವು. ಹೊಸ ಆಡಳಿತ ದೊಡ್ಡ ರಸ್ತೆ, ಸುರಂಗದ ಮಾತಾಡುತ್ತಿದೆ. ನಾನು ಕೇಳುವುದು ಸಣ್ಣದು. ಪ್ರತಿ ವಾರ್ಡಿನಲ್ಲಿ ಒಂದು ಪಾರ್ಕನ್ನು ಆರಿಸಿ ಅದರ ಸುತ್ತಲಿನ ಅರ್ಧ ಕಿಲೋಮೀಟರಿನ ಬೀದಿಗಳನ್ನು ಮೊದಲು ಸರಿಮಾಡಲಿ. ಚಪ್ಪಡಿ ಕೂರಿಸಿ, ಗೇಟುಗಳ ಮುಂದಿನ ಇಳಿಜಾರನ್ನು ಒಂದೇ ಮಟ್ಟಕ್ಕೆ ತಂದು, ಮರದ ಬುಡದ ಕಾಂಕ್ರೀಟು ಒಡೆದು ಮಣ್ಣು ಬಿಡಿಸಿ, ದಾಟುವಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಲಿ. ಮಲ್ಲೇಶ್ವರ ಬಸವನಗುಡಿಗಳಲ್ಲಿ ಬೀಗ ಬಿದ್ದ ಕನ್ಸರ್ವೆನ್ಸಿ ಓಣಿಗಳನ್ನು ತೆರೆದು ದೀಪ ಹಾಕಲಿ. ಶಾಲೆಗೆ ಹೋಗುವ ಮಕ್ಕಳಿಗೆ ವಾಹನವಿಲ್ಲದ ದಾರಿ ಅಲ್ಲಿ ಈಗಾಗಲೇ ಇದೆ, ಗೋಡೆಯಿಂದ ಗೋಡೆಗೆ ಅಳೆದು ಒತ್ತುವರಿ ಬಿಡಿಸಿದರೆ ಸಾಕು.